ಹಿಂದಿನ ಡಿಸ್ಕ್ ಬ್ರೇಕ್ ಪ್ಯಾಡ್: ಪಿಸ್ಟನ್ ಒತ್ತಿದರೆ ಸಾಕೇ?

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕುಟುಂಬ ಸಮೇತ ಹೊರಡುವ ಮುನ್ನ ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸುವ ಯೋಚನೆಯಿದೆಯೇ? 'ಮುಂದಿನದರಂತೆಯೇ ಹಿಂದಿನದು, ಪಿಸ್ಟನ್ ಒಳಗೆ ಒತ್ತಿ ಹೊಸ ಪ್ಯಾಡ್ ಕೂರಿಸಿದರೆ ಆಯ್ತು' ಎನ್ನುವ ಮಾತು ಅರ್ಧ ಮಾತ್ರ ನಿಜ.

ನಮ್ಮ ಬಹುತೇಕ ಸಣ್ಣ ಕಾರುಗಳ ಹಿಂದೆ ಇರುವುದು ಡ್ರಮ್ ಬ್ರೇಕ್. ಅವಕ್ಕೆ ಈ ಸಲಹೆ ಅನ್ವಯಿಸುವುದೇ ಇಲ್ಲ. ಡಿಸ್ಕ್ ಇರುವ ಹಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಕ್ಯಾಲಿಪರ್‌ಗೇ ಸೇರಿರುತ್ತದೆ. ಅದರೊಳಗೆ ಪಿಸ್ಟನ್ನಿಗೆ ಸ್ಕ್ರೂ ಜೋಡಣೆ ಇದ್ದು, ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ತಾನಾಗಿಯೇ ಮುಂದೆ ಬರುತ್ತದೆ. ಅದನ್ನು ವಾಪಸ್ ಕಳಿಸಲು ತಿರುಗಿಸುತ್ತಾ ಒತ್ತಬೇಕು. ಕ್ಲಾಂಪ್ ಹಾಕಿ ನೇರವಾಗಿ ಅದುಮಿದರೆ ಆ ಸ್ಕ್ರೂ ಕೆಡುತ್ತದೆ, ಆಮೇಲೆ ಪ್ಯಾಡ್ ಬೆಲೆಯಲ್ಲಿ ಮುಗಿಯುವ ಕೆಲಸ ಕ್ಯಾಲಿಪರ್ ಬೆಲೆಗೆ ಹೋಗುತ್ತದೆ! ಬಟನ್ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಆದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಇಲ್ಲದಿದ್ದರೆ ಮೋಟಾರ್ ಚಾಲೂ ಆಗಿ ಬೆರಳು ಸಿಕ್ಕಿಕೊಳ್ಳಬಹುದು. ನಿಮ್ಮ ಕಾರಿನದು ಯಾವ ಬಗೆ ಎನ್ನುವುದಕ್ಕೆ ಕಂಪನಿಯ ಸರ್ವಿಸ್ ಮಾಹಿತಿಯನ್ನೇ ನೋಡಿ, ವಿಡಿಯೋ ಬೇಡ.

ಇನ್ನೊಂದು ಅಪಾಯವಿದೆ. ಕೇಬಲ್ ಇರುವ ಕಾರಿನಲ್ಲಿ ಈ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು, ಆಗ ಕಾರನ್ನು ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ. ಹಾಗಾಗಿ ಸಮತಟ್ಟಾದ ಗಟ್ಟಿ ನೆಲ ಬೇಕು, ಮುಂದಿನ ಗಾಲಿಗಳ ಎರಡೂ ಬದಿಗೆ ಅಡ್ಡ ಕೊಡಬೇಕು. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

ಎಲ್ಲ ಕೂರಿಸಿದ ಮೇಲೆ ಕಾರು ಅಲುಗಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ತುಳಿತಕ್ಕೆ ಪೆಡಲ್ ತಳಕ್ಕೆ ಹೋಗಬಹುದು. ಗುಡ್ಡದ ಇಳಿಜಾರಿನಲ್ಲಿ ಅದು ಗೊತ್ತಾಗುವುದು ಬೇಡ. ಆಮೇಲೂ ಪೆಡಲ್ ಮೆತ್ತಗಿದ್ದರೆ ಕಾರು ತೆಗೆಯಬೇಡಿ, ಮೆಕ್ಯಾನಿಕ್‌ರನ್ನು ಮನೆಗೇ ಕರೆಸಿ.