ಮನೆ ಇದ್ದೂ ಮನೆಯಿಲ್ಲದವರು



'ಮನೆಯಿಲ್ಲದವರು' ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್, ಬಸ್ ಸ್ಟ್ಯಾಂಡಿನ ಮೂಲೆ, ಚರ್ಚಿನ ಗೇಟಿನ ಬಳಿ ಮುದುಡಿ ಮಲಗಿದ ಒಬ್ಬ ವೃದ್ಧ. ಅವರೆಲ್ಲರೂ ಮನೆಯಿಲ್ಲದವರೇ ನಿಜ. ಆದರೆ ನಮ್ಮ ಬಳ್ಳಾರಿಯ ಗಡಿಗೆ ಹೊಂದಿಕೊಂಡ ಆದೋನಿ ಸೀಮೆಯಲ್ಲಿ ಮತ್ತೊಂದು ಬಗೆಯ ಜನರಿದ್ದಾರೆ. ಅವರಿಗೆ ಊರಿನಲ್ಲಿ ಮನೆ ಇದೆ, ಪಡಿತರ ಚೀಟಿ ಇದೆ, ಮತದಾರರ ಪಟ್ಟಿಯಲ್ಲಿ ಹೆಸರೂ ಇದೆ. ಆದರೂ ವರ್ಷದಲ್ಲಿ ಕೆಲವು ತಿಂಗಳು ಅವರು ಮಲಗುವುದು ಪರರ ಹೊಲದ ಬದುವಿನಲ್ಲಿ, ತಾಡಪಾಲಿನ ಕೆಳಗೆ. ಇವರನ್ನು ನಾವು ಯಾವ ಲೆಕ್ಕಕ್ಕೆ ಸೇರಿಸಬೇಕು?

ಸುಗ್ಗಿ ಎಂಬ ಮಾತಿನ ಅರ್ಥವೇ ಬದಲಾದ ಸೀಮೆ

ಆದೋನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯ ರಚನೆಯಾದಾಗ ಅವು ಕರ್ನೂಲು ಜಿಲ್ಲೆಗೆ ಸೇರಿದವು. ಇಂದಿಗೂ ಅಲ್ಲಿನ ಅನೇಕ ಮನೆಗಳಲ್ಲಿ ಕನ್ನಡ ಕೇಳಿಬರುತ್ತದೆ. ಆದೋನಿ ಹತ್ತಿ ಮಾರುಕಟ್ಟೆಗೆ ಹೆಸರಾದ ಊರು. ಅದರ ಸುತ್ತಲಿನ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳು ಬಹುಪಾಲು ಮಳೆಯನ್ನೇ ನಂಬಿದ ಹಳ್ಳಿಗಳು. ತುಂಗಭದ್ರಾ ಕೆಳಮಟ್ಟದ ಕಾಲುವೆ ಈ ಕಡೆಗೆ ಬರುತ್ತದೆ ನಿಜ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪುವುದು ಕಷ್ಟ.

ನಮಗೆ ಸುಗ್ಗಿ ಎಂದರೆ ಕಣದಲ್ಲಿ ರಾಶಿ, ಮನೆಯಲ್ಲಿ ಸಂಭ್ರಮ. ಆ ಹಳ್ಳಿಗಳಲ್ಲಿ 'ಸುಗ್ಗಿಗೆ ಹೋದರು' ಎಂದರೆ ಊರು ಬಿಟ್ಟು ಕೂಲಿಗೆ ಹೋದರು ಎಂದು ಅರ್ಥ. ನಮ್ಮ ರಾಯಚೂರು, ಕೊಪ್ಪಳದ ಕಡೆ ಇದನ್ನೇ 'ಗುಳೆ' ಎನ್ನುತ್ತೇವೆ. ಸ್ವಂತ ಹೊಲದ ಬೆಳೆ ಮುಗಿದ ಮೇಲೆ ಕುಟುಂಬಗಳು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೊರಡುತ್ತವೆ. ಇನ್ನು ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ. ಅನೇಕರು ಮೇಸ್ತ್ರಿ ಕೊಟ್ಟ ಮುಂಗಡವನ್ನು ಆಗಲೇ ಮನೆಯ ಸಾಲಕ್ಕೆ ತೀರಿಸಿರುತ್ತಾರೆ. ಗಂಡ, ಹೆಂಡತಿ, ಕೈಗೆ ಬಂದ ಮಕ್ಕಳು ಲಾರಿ ಹತ್ತುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಇಲ್ಲವೇ ಅಜ್ಜ ಅಜ್ಜಿ ಮಾತ್ರ ಉಳಿಯುತ್ತಾರೆ.

ನೆರೆ ಕಾಣುತ್ತದೆ, ಬರ ಕಾಣುವುದಿಲ್ಲ

2009ರ ಅಕ್ಟೋಬರ್ ಮೊದಲ ವಾರ ನಮ್ಮೆಲ್ಲರಿಗೂ ನೆನಪಿದೆ. ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ಕರ್ನೂಲು ಪಟ್ಟಣಕ್ಕೆ ನೀರು ನುಗ್ಗಿತು. ಉತ್ತರ ಕರ್ನಾಟಕದ ನೂರಾರು ಹಳ್ಳಿಗಳಲ್ಲಿ ಮನೆಗಳು ಕುಸಿದವು. ದೇಶವೇ ಮರುಗಿತು. ಬಟ್ಟೆ, ಅಕ್ಕಿ, ಹಣ ಹರಿದುಬಂತು. ಕರ್ನಾಟಕ ಸರ್ಕಾರ 'ಆಸರೆ' ಯೋಜನೆಯಲ್ಲಿ ದಾನಿಗಳ ಕೈಜೋಡಿಸಿ ಹೊಸ ಮನೆಗಳನ್ನು ಕಟ್ಟಿಸಿತು. ಬಿದ್ದ ಗೋಡೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಆದ್ದರಿಂದ ಲೆಕ್ಕವೂ ಆಗುತ್ತದೆ.

ಬರ ಹಾಗಲ್ಲ. ಅದು ಗೋಡೆ ಕೆಡವುವುದಿಲ್ಲ. ಒಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸುತ್ತದೆ. ಈ ಸೀಮೆಗೆ ಇದು ಹೊಸತೂ ಅಲ್ಲ. 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರದಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳು ಭೀಕರವಾಗಿ ನಲುಗಿದವು. ಮನೆ ನಿಂತೇ ಇತ್ತು, ಮನೆಯವರು ಗಂಜಿ ಹುಡುಕಿಕೊಂಡು ದಾರಿ ಹಿಡಿದಿದ್ದರು.

ಎಣಿಸುವವರ ಕಣ್ಣು ತಪ್ಪುವುದು ಹೇಗೆ?

ನಮ್ಮ ದೇಶದಲ್ಲಿ ಮನೆಯಿಲ್ಲದವರನ್ನು ಎಣಿಸುವ ಕೆಲಸ ಜನಗಣತಿಯದು. 2001ರಲ್ಲಿ 19.43 ಲಕ್ಷ, 2011ರಲ್ಲಿ 17.73 ಲಕ್ಷ ಎಂದು ಲೆಕ್ಕ ಬಂತು. ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಪೈಪುಗಳ ಒಳಗೆ, ಮೇಲ್ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರ್ಮ್, ದೇವಸ್ಥಾನದ ಮಂಟಪಗಳಲ್ಲಿ ಬಯಲಿನಲ್ಲೇ ಬದುಕುವವರು ಈ ಲೆಕ್ಕಕ್ಕೆ ಸೇರುತ್ತಾರೆ. 2011ರಲ್ಲಿ ಇವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ.

ಈಗ ಸ್ವಲ್ಪ ಯೋಚಿಸಿ. ಫೆಬ್ರವರಿ ಕೊನೆ ಎಂದರೆ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸುವ ಭರದ ಕಾಲ. ಕೋಸಿಗಿಯ ಮನೆಗೆ ಬೀಗ. ಗಣತಿಯವರು ಬಂದರೆ ಕದ ತೆರೆಯುವವರಿಲ್ಲ. ಗಣತಿ ನಡೆಯುವ ದಿನಗಳಷ್ಟೂ ಊರಲ್ಲಿಲ್ಲದವರನ್ನು ಅವರು ಎಲ್ಲಿದ್ದಾರೋ ಅಲ್ಲೇ ಎಣಿಸಬೇಕೆಂಬುದು ನಿಯಮ. ಆದರೆ ಹೊಲದ ನಡುವಿನ ತಾಡಪಾಲಿನ ಗುಡಾರವನ್ನು ಹುಡುಕಿಕೊಂಡು ಹೋಗುವವರು ಯಾರು? ಹೋದರೂ ಅದನ್ನು ಮನೆ ಎಂದು ಬರೆಯಬೇಕೋ, ಮನೆಯಿಲ್ಲ ಎಂದು ಬರೆಯಬೇಕೋ? ಕೇಳಿದರೆ ಆ ಕುಟುಂಬವೇ 'ನಮಗೆ ಊರಲ್ಲಿ ಮನೆ ಇದೆ' ಎನ್ನುತ್ತದೆ. ಅದು ಸುಳ್ಳೂ ಅಲ್ಲ.

ಕಾನೂನಿನಲ್ಲೂ ಇಂಥದೇ ಬಿರುಕು. 2025ರವರೆಗೆ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ರಾಜ್ಯದ ಗಡಿ ದಾಟಿದವರಿಗಾಗಿ ಮಾಡಿದ್ದಾಗಿತ್ತು. ಆದೋನಿಯಿಂದ ಗುಂಟೂರಿಗೆ ಎಷ್ಟೇ ದೂರವಾದರೂ ಎರಡೂ ಒಂದೇ ರಾಜ್ಯ. ನಗರದ ನಿರಾಶ್ರಿತರಿಗಾಗಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ತಂಗುದಾಣ ಇರಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಆದರೆ ಅದು ಪಟ್ಟಣದ ಮಾತು, ಹೊಲದ ಬದುವಿಗೆ ಅದು ತಲುಪುವುದಿಲ್ಲ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ದುಡಿಯಲು ಹೋದವರು ಹೋದಲ್ಲೇ ಸಿಕ್ಕಿಕೊಂಡರು. ಇಷ್ಟು ಜನ ಮನೆಯಿಂದ ದೂರ ಇದ್ದರೇ ಎಂದು ಊರಿಗೆ ಊರೇ ಬೆರಗಾಯಿತು.

ದೂರದ ಹಿಮದ ನಾಡಿನ ಪಾಠ

ಇಂಥದೇ ಪ್ರಶ್ನೆಯನ್ನು ಕೆನಡಾ ದೇಶದವರೂ ಎದುರಿಸಿದ್ದಾರೆ. ಅಲ್ಲಿ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು 100ಕ್ಕೆ ಸುಮಾರು 5 ಮಂದಿ. ಆದರೆ 2018ರಲ್ಲಿ 61 ಊರುಗಳಲ್ಲಿ ಮನೆಯಿಲ್ಲದವರನ್ನು ಎಣಿಸಿದಾಗ ಅವರಲ್ಲಿ 100ಕ್ಕೆ ಸುಮಾರು 30 ಮಂದಿ ಮೂಲನಿವಾಸಿಗಳು. ಉತ್ತರದ ಹಿಮಪ್ರದೇಶದಲ್ಲಿ ಚಳಿಗಾಲದ ರಾತ್ರಿ ಬಯಲಲ್ಲಿ ಮಲಗಿದರೆ ಜೀವ ಉಳಿಯುವುದಿಲ್ಲ. ಆದ್ದರಿಂದ ಮನೆಯಿಲ್ಲದವರು ಇಂದು ಅಕ್ಕನ ಮನೆ, ನಾಳೆ ಗೆಳೆಯನ ಮನೆ ಎಂದು ದಿನ ದೂಡುತ್ತಾರೆ. ಬೀದಿಯಲ್ಲಿ ಎಣಿಸಿದರೆ ಅವರು ಸಿಗುವುದೇ ಇಲ್ಲ.

2017ರಲ್ಲಿ ಜೆಸ್ಸಿ ಥಿಸಲ್ ಎಂಬ ಮೂಲನಿವಾಸಿ ವಿದ್ವಾಂಸರು ತಮ್ಮ ಸಮುದಾಯಗಳ ಹಿರಿಯರು ಮತ್ತು ಅನುಭವಸ್ಥರೊಂದಿಗೆ ಚರ್ಚಿಸಿ, ಮನೆಯಿಲ್ಲದಿರುವಿಕೆಯ 12 ಬಗೆಗಳನ್ನು ಗುರುತಿಸಿದರು. ಅವರು ಹೇಳುವುದಿಷ್ಟು: ಸೂರು ಇಲ್ಲದಿರುವುದು ಒಂದು ಭಾಗ ಮಾತ್ರ. ನೆಲ, ಬಂಧುಬಳಗ, ಭಾಷೆ, ಸಂಸ್ಕೃತಿ ಇವುಗಳಿಂದ ಬೇರ್ಪಟ್ಟವನೂ ಮನೆಯಿಲ್ಲದವನೇ.

ಈ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಿ. ಆದೋನಿಯ ಸುತ್ತಮುತ್ತ ಬುಡಗ ಜಂಗಮರು, ಎರುಕುಲರು, ಸುಗಾಲಿಗಳು ಇದ್ದಾರೆ. ಊರೂರು ತಿರುಗಿ ಕಥೆ ಹೇಳುವುದು, ಬುಟ್ಟಿ ಹೆಣೆಯುವುದು, ಎತ್ತುಗಳ ಮೇಲೆ ಉಪ್ಪು ಧಾನ್ಯ ಸಾಗಿಸುವುದು ಇವರ ಹಿರಿಯರ ಕಸುಬು. ಬ್ರಿಟಿಷರ ಕಾಲದ ಕಾಯಿದೆ ಎರುಕುಲರಂಥ ಎಷ್ಟೋ ಅಲೆಮಾರಿ ಸಮುದಾಯಗಳಿಗೆ 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಕಟ್ಟಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು, ಸಂಶಯ ಮಾತ್ರ ಉಳಿಯಿತು. ಇವರ ಸ್ಥಿತಿ ಅರಿಯಲು ನೇಮಿಸಿದ ರೇಣಕೆ ಆಯೋಗ ವರದಿ ಕೊಟ್ಟದ್ದು 2008ರಲ್ಲಿ. ಕಾಯಂ ವಿಳಾಸವಿಲ್ಲದಿದ್ದರೆ ಜಾತಿ ಪ್ರಮಾಣಪತ್ರ ಸಿಗುವುದು ಕಷ್ಟ. ಪ್ರಮಾಣಪತ್ರವಿಲ್ಲದಿದ್ದರೆ ನಿವೇಶನ ಸಿಗುವುದು ಕಷ್ಟ. ನಿವೇಶನವಿಲ್ಲದೆ ವಿಳಾಸವೆಲ್ಲಿಂದ?

ನಾವು ಕೇಳಬೇಕಾದ ಪ್ರಶ್ನೆ

1987ನ್ನು ವಿಶ್ವಸಂಸ್ಥೆ ನಿರಾಶ್ರಿತರಿಗೆ ಸೂರು ಒದಗಿಸುವ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಆ ವರ್ಷದ ಡಿಸೆಂಬರ್ 27ರಂದು ಧರ್ಮಸಭೆಯ ನ್ಯಾಯ ಮತ್ತು ಶಾಂತಿ ಆಯೋಗ ಒಂದು ದಾಖಲೆ ಹೊರಡಿಸಿತು. ಮನೆಯಿಲ್ಲದ ನಿನ್ನ ಸೋದರನಿಗೆ ನೀನೇನು ಮಾಡಿದೆ ಎಂಬುದೇ ಅದರ ಶೀರ್ಷಿಕೆ. ಆ ಸೋದರ ಯಾರೆಂದು ಗುರುತಿಸದೆ ಉತ್ತರ ಕೊಡುವುದಾದರೂ ಹೇಗೆ?

'ನಿನಗೆ ಮನೆ ಇದೆಯೇ?' ಎಂಬ ಪ್ರಶ್ನೆ ಸಾಲದು ಎಂಬುದು ನಮ್ಮ ಅನಿಸಿಕೆ. 'ನಿನ್ನೆ ರಾತ್ರಿ ಎಲ್ಲಿ ಮಲಗಿದೆ? ವರ್ಷದಲ್ಲಿ ಎಷ್ಟು ತಿಂಗಳು ನಿನ್ನ ಮನೆಯಲ್ಲಿರುತ್ತೀ? ಮಕ್ಕಳು ಯಾರ ಬಳಿ ಇದ್ದಾರೆ?' ಎಂದು ಕೇಳಿದಾಗಲೇ ನಿಜ ತಿಳಿಯುತ್ತದೆ. ಉತ್ತರ ಬದಲಾದರೆ ನೆರವೂ ಬದಲಾಗುತ್ತದೆ. ಬೀಗ ಹಾಕಿದ ಮನೆಯ ಪಕ್ಕ ಇನ್ನೊಂದು ಮನೆ ಕಟ್ಟಿಸಿಕೊಟ್ಟರೆ ಅದಕ್ಕೂ ಬೀಗವೇ ಬೀಳುತ್ತದೆ. ಊರಲ್ಲೇ ಕೆಲಸ, ಹೊಲಕ್ಕೆ ನೀರು ಸಿಕ್ಕರೆ ಆ ಬೀಗ ತೆರೆಯುತ್ತದೆ. ಅಲ್ಲಿಯವರೆಗೆ, ಹೋದ ಜಾಗದಲ್ಲಿ ಒಂದು ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು.

ಧರ್ಮಕೇಂದ್ರದ ಕುಟುಂಬಗಳಾಗಿ ನಾವು ಮಾಡಬಹುದಾದ ಕೆಲಸಗಳೂ ಇವೆ. ನಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿದ್ದರೆ ಅಲ್ಲಿನ ತಗಡಿನ ಶೆಡ್ಡಿನಲ್ಲಿರುವ ಕುಟುಂಬ ಯಾವ ಊರಿನದೆಂದು ವಿಚಾರಿಸೋಣ. 2019ರಲ್ಲಿ ಆರಂಭವಾದ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಿಂದ ಬೇರೆ ರಾಜ್ಯದ ಚೀಟಿಗೂ ಇಲ್ಲಿ ಅಕ್ಕಿ ಪಡೆಯಬಹುದೆಂದು ತಿಳಿಸೋಣ, ನ್ಯಾಯಬೆಲೆ ಅಂಗಡಿಗೆ ಜೊತೆಗೆ ಹೋಗೋಣ. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು ಮುಖ್ಯೋಪಾಧ್ಯಾಯರೊಂದಿಗೆ ಮಾತಾಡೋಣ. ಗುಳೆ ಹೋಗುವ ಹಳ್ಳಿಗಳಲ್ಲಿ ನಮ್ಮ ಬಂಧುಗಳಿದ್ದರೆ, ಮಕ್ಕಳನ್ನು ಲಾರಿ ಹತ್ತಿಸದೆ ಋತುಮಾನದ ವಸತಿನಿಲಯದಲ್ಲಿ ಬಿಡುವಂತೆ ಹೇಳೋಣ. ಅಜ್ಜ ಅಜ್ಜಿಯರನ್ನು ಆಗಾಗ ನೋಡಿಬರೋಣ.

ಇನ್ನೊಂದು ಮುಖ್ಯ ವಿಷಯ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಹೊಸ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಅಂದರೆ ಮತ್ತೆ ಅದೇ ಮೆಣಸಿನಕಾಯಿಯ ಕಾಲ, ಮತ್ತೆ ಅದೇ ಬೀಗ. ಎಣಿಸುವ ಕೆಲಸ ಬಹುಮಟ್ಟಿಗೆ ಶಾಲಾ ಶಿಕ್ಷಕರ ಪಾಲಿಗೆ ಬರುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಶಿಕ್ಷಕ ಶಿಕ್ಷಕಿಯರಿದ್ದಾರೆ. ಅವರಲ್ಲಿ ನಮ್ಮದೊಂದು ಬಿನ್ನಹ: ಊರಿನ ಮನೆಗಳನ್ನು ಮುಗಿಸಿದ ಮೇಲೆ ಇಟ್ಟಿಗೆ ಭಟ್ಟಿಯ ಕಡೆಗೆ, ಕಟ್ಟಡದ ಶೆಡ್ಡಿನ ಕಡೆಗೆ, ಹೊಲದ ಗುಡಾರದ ಕಡೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಇರುವವರ ಹೆಸರನ್ನು ಬರೆದುಕೊಳ್ಳಿ.