ಬೆಳ್ಳಿಯ ರೂಪಾಯಿಯೂ ಆಪತ್ಕಾಲವೂ

ನಾಣ್ಯಕ್ಕೆ ಎರಡು ಬೆಲೆಗಳುಂಟು. ಸರ್ಕಾರವು ಅದರ ಮೇಲೆ ಒತ್ತಿರುವ ಬೆಲೆ ಒಂದು. ಅದನ್ನು ಕರಗಿಸಿದರೆ ದೊರೆಯುವ ಲೋಹದ ಬೆಲೆ ಇನ್ನೊಂದು. ಸುಭಿಕ್ಷಕಾಲದಲ್ಲಿ ನಾವು ಮೊದಲನೆಯದನ್ನು ಮಾತ್ರ ನೋಡುತ್ತೇವೆ. ಸರ್ಕಾರದ ಮಾತಿನಲ್ಲಿ ನಂಬಿಕೆ ಕುಂದಿದಾಗ ಎರಡನೆಯದು ನೆನಪಿಗೆ ಬರುತ್ತದೆ. ಹಳೆಯ ಬೆಳ್ಳಿಯ ರೂಪಾಯಿ ಆಪತ್ತಿನಲ್ಲಿ ಎಷ್ಟರಮಟ್ಟಿಗೆ ಒದಗೀತು ಎಂಬುದನ್ನು ನಮ್ಮ ದೇಶದ ಅನುಭವದಿಂದಲೇ ವಿಚಾರಮಾಡೋಣ.

1835ರಲ್ಲಿ ನಿಗದಿಯಾದ ರೂಪಾಯಿಯ ತೂಕ 180 ಗ್ರೇನ್. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು, ಎಂದರೆ 165 ಗ್ರೇನ್, ಶುದ್ಧವಾದ ಬೆಳ್ಳಿ. ಈ ತೂಕವೇ ಒಂದು ತೊಲೆ. ಆದಕಾರಣ ಅಂದಿನ ವರ್ತಕನಿಗೆ ಅದು ಹಣವೂ ಆಗಿತ್ತು, ತೂಕದ ಕಲ್ಲೂ ಆಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿತು. ಲಂಡನ್ನಿನಲ್ಲಿ ಔನ್ಸಿಗೆ 43 ಪೆನ್ಸ್ ದಾಟಿದೊಡನೆ ರೂಪಾಯಿಯಲ್ಲಿದ್ದ ಬೆಳ್ಳಿಯೇ ರೂಪಾಯಿಗಿಂತ ಹೆಚ್ಚು ಬೆಲೆಯದಾಯಿತು. ಸರ್ಕಾರವು 1917ರಲ್ಲಿ ನಾಣ್ಯವನ್ನು ಕರಗಿಸಕೂಡದೆಂದು ವಿಧಿಸಿ, ಒಂದು ರೂಪಾಯಿಯ ನೋಟನ್ನು ಹೊರಡಿಸಿತು. 1918ರ ವಸಂತದಲ್ಲಿ ಯುದ್ಧದ ದುರ್ವಾರ್ತೆಗಳು ಬರಲು, ಜನರು ನೋಟನ್ನು ಕೊಟ್ಟು ಬೆಳ್ಳಿಯನ್ನು ಕೇಳಿದರು. ಅಮೆರಿಕವು ತನ್ನ ಬೆಳ್ಳಿಯ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಮಾರಿದ್ದರಿಂದ ಖಜಾನೆಯ ಮಾನ ಉಳಿಯಿತು.

1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದಾಗ ಇದೇ ಭೀತಿ ಮರಳಿತು. ಅಗತ್ಯಕ್ಕಿಂತ ಹೆಚ್ಚಾಗಿ ನಾಣ್ಯ ಕೂಡಿಡುವುದು ಅಪರಾಧವೆನಿಸಿತು. ಹೊಸ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ವಿಕ್ಟೋರಿಯಾ ರಾಣಿಯ ರೂಪಾಯಿಗಳು 1941ರ ಮಾರ್ಚಿಯ ಬಳಿಕ ಚಲಾವಣೆಯನ್ನು ಕಳೆದುಕೊಂಡುವು. 1947ರಲ್ಲಿ ನಿಕ್ಕಲಿನ ರೂಪಾಯಿ ಬಂದಿತು.

ಇದರಿಂದ ಒಂದು ನಿಯಮ ಸ್ಪಷ್ಟವಾಗುತ್ತದೆ. ಒಳ್ಳೆಯ ನಾಣ್ಯವೂ ಹೀನ ನಾಣ್ಯವೂ ಒಂದೇ ಬೆಲೆಗೆ ಓಡಾಡುವಾಗ, ಜನರು ಹೀನವಾದುದನ್ನು ಕೊಟ್ಟು ಒಳ್ಳೆಯದನ್ನು ಪೆಟ್ಟಿಗೆಯಲ್ಲಿಡುತ್ತಾರೆ. ಬೆಳ್ಳಿಗೆ ಬೆಲೆ ಬಂದಷ್ಟೂ ಅದು ಸಂತೆಯಿಂದ ಮರೆಯಾಗುತ್ತದೆ; ಚಿಲ್ಲರೆ ಸಿಕ್ಕದೆ ಬಡವನ ವ್ಯಾಪಾರ ನಿಲ್ಲುತ್ತದೆ. ಎರಡನೆಯ ಯುದ್ಧಕಾಲದಲ್ಲಿ ಪಶ್ಚಿಮದ ಕೆಲವು ಸಂಸ್ಥಾನಗಳು ಕಾಗದದ ಕೂಪನುಗಳನ್ನೇ ಚಿಲ್ಲರೆಯಾಗಿ ಹಂಚಬೇಕಾಯಿತು.

ಬೆಳ್ಳಿಯನ್ನು ಆಪದ್ಧನವಾಗಿ ಇಟ್ಟಿರುವವರು ಮೂರು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು, ನಾಣ್ಯದ ವರ್ಷ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 90 ಗ್ರೇನ್ ಮಾತ್ರ. ಹಿಂದಿನದರೊಡನೆ ಅದನ್ನು ಸಮವಾಗಿ ಎಣಿಸಲಾಗದು. ಎರಡನೆಯದು, ಗಾತ್ರ. ಪಾವು ಅಕ್ಕಿಗಾಗಿ ರೂಪಾಯಿಯನ್ನು ಮುರಿಯಲಾಗದು. ಅರ್ಧ, ಕಾಲು ರೂಪಾಯಿಗಳು ಹೆಚ್ಚು ಉಪಯುಕ್ತ. ಮೂರನೆಯದು, ಕೊಳ್ಳುವವನ ನಂಬಿಕೆ. ಚಲಾವಣೆ ಹೋದ ನಾಣ್ಯವು ಕೇವಲ ಲೋಹ; ತಕ್ಕಡಿ, ಒರೆಗಲ್ಲುಗಳನ್ನು ಬಲ್ಲವನೇ ಅದಕ್ಕೆ ಬೆಲೆ ಕಟ್ಟಬೇಕು. ಕಟ್ಟುವವನೂ ತನ್ನ ಲಾಭವನ್ನು ಮರೆಯುವುದಿಲ್ಲ.

ಇವೆಲ್ಲಕ್ಕೂ ಮಿಗಿಲಾದ ಪಾಠವನ್ನು ನಮ್ಮ ಮೈಸೂರು ಸೀಮೆಯನ್ನೂ ಸುಟ್ಟ 1876–78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮವು ಕಲಿಸಿತು. ಆಗ ದಕ್ಷಿಣದೇಶದ ಹಳ್ಳಿಗರು ಮಾರಿದ ಬೆಳ್ಳಿಯ ಒಡವೆಗಳು ರಾಶಿಯಾಗಿ ಮುಂಬಯಿಯ ಟಂಕಸಾಲೆಯನ್ನು ಸೇರಿದುವು. ಎಲ್ಲರೂ ಒಮ್ಮೆಗೇ ಮಾರಲು ಬಂದಾಗ ಬೆಳ್ಳಿ ಅಗ್ಗವಾಗುತ್ತದೆ, ಧಾನ್ಯ ತುಟ್ಟಿಯಾಗುತ್ತದೆ. ಬೆಳ್ಳಿಯಿದ್ದವರು ಕೆಲವು ತಿಂಗಳು ಹೆಚ್ಚು ತಾಳಿಕೊಂಡರೆಂಬುದು ನಿಜ. ಆದರೆ ಬೆಳ್ಳಿಯು ಮಳೆಯನ್ನು ತರಲಿಲ್ಲ, ಕಣಜವನ್ನು ತುಂಬಲಿಲ್ಲ.

ಆದಕಾರಣ ಪೆಟ್ಟಿಗೆಯಲ್ಲಿ ನಾಲ್ಕು ರೂಪಾಯಿ ಇರುವುದು ಒಳ್ಳೆಯದೇ. ಅದರೊಡನೆ ಮನೆಯಲ್ಲಿ ಕಾಳು, ಕೈಯಲ್ಲಿ ಕಸುಬು, ನೆರೆಯವರಲ್ಲಿ ವಿಶ್ವಾಸ ಇವೂ ಇದ್ದರೆ ಮಾತ್ರ ಆ ಬೆಳ್ಳಿಗೆ ಬೆಲೆಯುಂಟು.