ಬೆಕ್ಕಿನ ಉಸಿರು ಎಣಿಸೋಣ

ರಾಶಿ ಮುಗಿಯಿತೆಂದರೆ ಜೋಳ, ತೊಗರಿಯ ಚೀಲಗಳು ಮನೆಗೆ ಬರುತ್ತವೆ. ಚೀಲದ ಹಿಂದೆ ಇಲಿ ಬರುತ್ತದೆ. ಇಲಿಯ ಹಿಂದೆ ಬೆಕ್ಕು ಬರುತ್ತದೆ. ಉಮರಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳಲ್ಲಿ ಬೆಕ್ಕನ್ನು ದುಡ್ಡು ಕೊಟ್ಟು ತರುವವರು ಕಡಿಮೆ. ಅದು ತಾನಾಗಿಯೇ ಬರುತ್ತದೆ, ಒಲೆಯ ಬಳಿ ಮಲಗುತ್ತದೆ, ಮನೆಯದೇ ಆಗಿಬಿಡುತ್ತದೆ. ಮನೆಯಲ್ಲಿ ನಾವು ಕನ್ನಡ ಆಡುತ್ತೇವೆ, ಓಣಿಯಲ್ಲಿ ಮರಾಠಿ ಆಡುತ್ತೇವೆ. ಬೆಕ್ಕನ್ನು ಯಾವ ಭಾಷೆಯಲ್ಲಿ ಕರೆದರೂ ಓಡಿ ಬರುತ್ತದೆ. ಕೈಯಲ್ಲಿ ಹಾಲಿನ ಬಟ್ಟಲು ಇರಬೇಕು, ಅಷ್ಟೇ.

ಎತ್ತಿಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಮನೆಯವರಿಗೆ ಅಂದೇ ತಿಳಿಯುತ್ತದೆ. ಅದು ಮೇವು ಬಿಡುತ್ತದೆ, ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ನಾಯಿಗೆ ನೋವಾದರೆ ಕುಂಯ್‌ಗುಟ್ಟುತ್ತ ಕಾಲಬಳಿ ಬರುತ್ತದೆ. ಬೆಕ್ಕಿನ ಸ್ವಭಾವ ಬೇರೆ. ಅದು ಇಲಿಯನ್ನು ಹಿಡಿಯುವ ಪ್ರಾಣಿ ನಿಜ. ಆದರೆ ಅದರ ಮೈ ಚಿಕ್ಕದು. ನಾಯಿ, ನರಿಗಳಿಗೆ ಅದೇ ತುತ್ತಾಗಬಹುದು. ಆದ್ದರಿಂದ ತಾನು ಸೋತಿದ್ದೇನೆಂದು ಅದು ಯಾರಿಗೂ ತೋರಿಸುವುದಿಲ್ಲ. ಮೂಲೆ ಸೇರಿ ಸುಮ್ಮನೆ ಕೂಡುತ್ತದೆ. ಹೃದಯದ ಬೇನೆಯನ್ನಂತೂ ತಿಂಗಳುಗಟ್ಟಲೆ ಮುಚ್ಚಿಡಬಲ್ಲದು.

“ಗುರೂಜಿ, ಬೆಕ್ಕಿಗೂ ಹಾರ್ಟ್ ಅಟ್ಯಾಕ್ ಆಗ್ತದೇನ್ರಿ?” ಎಂದು ಒಮ್ಮೆ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು. ವರ್ಗದಲ್ಲಿ ಎಲ್ಲರೂ ನಕ್ಕರು. ನಗುವಂಥ ಪ್ರಶ್ನೆ ಅದಲ್ಲ. ಅದಕ್ಕೆ ಉತ್ತರ ತಿಳಿಯಬೇಕಾದರೆ ಮೊದಲು ಬೆಕ್ಕಿನ ಹೃದಯ ಹೇಗಿದೆ ಎಂದು ನೋಡಬೇಕು.

ಬೆಕ್ಕಿನ ಹೃದಯ ಒಂದು ದೊಡ್ಡ ನೆಲ್ಲಿಕಾಯಿಯಷ್ಟು ಇರುತ್ತದೆ. ನಮ್ಮ ಹೃದಯದಂತೆ ಅದರಲ್ಲಿಯೂ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಕೋಣೆಗಳು ರಕ್ತವನ್ನು ಬರಮಾಡಿಕೊಳ್ಳುತ್ತವೆ. ಕೆಳಗಿನ ಎರಡು ಕೋಣೆಗಳು ಅದನ್ನು ಹೊರಗೆ ತಳ್ಳುತ್ತವೆ. ಬಲಗಡೆಯ ಕೋಣೆ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಗಾಳಿಯೊಳಗಿನ ಆಮ್ಲಜನಕ ರಕ್ತದಲ್ಲಿ ಸೇರುತ್ತದೆ. ಆ ರಕ್ತ ಎಡಗಡೆಗೆ ಬರುತ್ತದೆ. ಎಡಗಡೆಯ ಕೋಣೆ ಅದನ್ನು ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ತಲುಪಿಸುತ್ತದೆ. ರಕ್ತ ಹೀಗೆ ಸುತ್ತುತ್ತಲೇ ಇರುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯರು 1628ರಲ್ಲಿ ಪುಸ್ತಕ ಬರೆದು ತೋರಿಸಿದರು.

ಪ್ರಾಣಿ ಚಿಕ್ಕದಾದಷ್ಟು ಅದರ ಹೃದಯ ಬೇಗ ಬೇಗ ಬಡಿಯುತ್ತದೆ. ಆನೆಯ ಹೃದಯ ನಿಮಿಷಕ್ಕೆ ಸುಮಾರು 30 ಸಲ ಬಡಿಯುತ್ತದೆ. ದೊಡ್ಡವರ ಹೃದಯ 60ರಿಂದ 100 ಸಲ ಬಡಿಯುತ್ತದೆ. ಬೆಕ್ಕಿನದು 140ರಿಂದ 220 ಸಲ! ಇಲಿಮರಿಯನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಅದರ ಎದೆಯ ಬಡಿತವನ್ನು ಎಣಿಸಲು ಆಗುವುದೇ ಇಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಮನುಷ್ಯರಲ್ಲಿ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡಾಗ ಹೃದಯಾಘಾತವಾಗುತ್ತದೆ. ಬೆಕ್ಕುಗಳಲ್ಲಿ ಅಂಥದು ಬಹಳ ಅಪರೂಪ. ಅವುಗಳಲ್ಲಿ ಹೆಚ್ಚಾಗಿ ಕಾಣುವ ಬೇನೆಯೇ ಬೇರೆ. ಹೃದಯದ ಎಡಗಡೆಯ ಕೋಣೆಯ ಗೋಡೆ ದಪ್ಪವಾಗುತ್ತ ಹೋಗುತ್ತದೆ. ಒಂದು ತಂಬಿಗೆಯ ಗೋಡೆ ಒಳಗಡೆಗೆ ದಪ್ಪವಾಯಿತೆಂದು ತಿಳಿಯಿರಿ. ಹೊರಗಿನಿಂದ ತಂಬಿಗೆ ಅಷ್ಟೇ ಕಾಣುತ್ತದೆ, ಒಳಗೆ ಹಿಡಿಯುವ ನೀರು ಮಾತ್ರ ಕಡಿಮೆಯಾಗುತ್ತದೆ. ಬೆಕ್ಕಿನ ಹೃದಯಕ್ಕೂ ಹಾಗೆಯೇ ಆಗುತ್ತದೆ. ರಕ್ತಕ್ಕೆ ಒಳಗೆ ಜಾಗ ಸಾಲುವುದಿಲ್ಲ. ಅದು ಹಿಂದಕ್ಕೆ ಶ್ವಾಸಕೋಶದ ಕಡೆಗೆ ಒತ್ತಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ, ಇಲ್ಲವೆ ಅದರ ಸುತ್ತ ನೀರು ತುಂಬುತ್ತದೆ. ಆಗ ಉಸಿರಾಡುವುದು ಕಷ್ಟವಾಗುತ್ತದೆ.

ಈ ಬೇನೆ ಅಪರೂಪದ್ದೇನೂ ಅಲ್ಲ. ಬ್ರಿಟನ್ನಿನಲ್ಲಿ ಮನೆಯಿಲ್ಲದ ಬೆಕ್ಕುಗಳನ್ನು ಸಾಕುವ ಕೇಂದ್ರಗಳಿವೆ. ಅಲ್ಲಿಯ 780 ಬೆಕ್ಕುಗಳನ್ನು ವೈದ್ಯರು ಪರೀಕ್ಷಿಸಿದರು. ಎಲ್ಲವೂ ನೋಡಲು ಗಟ್ಟಿಮುಟ್ಟಾಗಿಯೇ ಇದ್ದವು. ಆದರೂ ನೂರರಲ್ಲಿ ಸುಮಾರು 15 ಬೆಕ್ಕುಗಳ ಹೃದಯದ ಗೋಡೆ ದಪ್ಪವಾಗಿತ್ತು. 2015ರಲ್ಲಿ ಈ ಪರೀಕ್ಷೆಯ ವಿವರ ಪ್ರಕಟವಾಯಿತು. ಇಂಥ ಬೆಕ್ಕುಗಳಲ್ಲಿ ಹಲವು ಏನೂ ತೊಂದರೆಯಿಲ್ಲದೆ ಬಾಳುತ್ತವೆ. ಕೆಲವಕ್ಕೆ ಮಾತ್ರ ಬೇನೆ ಬಲಿಯುತ್ತದೆ. ಮುದಿ ಬೆಕ್ಕುಗಳಿಗೆ ರಕ್ತದೊತ್ತಡ ಹೆಚ್ಚಾಗಿಯೂ ಹೃದಯ ಕೆಡಬಹುದು.

ಹಾಗಾದರೆ ನಾವು ಏನನ್ನು ನೋಡಬೇಕು? ಎದೆಯನ್ನು ನೋಡಿದರೆ ಹೃದಯ ಕಾಣುವುದಿಲ್ಲ. ಆದರೆ ಉಸಿರು ಕಾಣುತ್ತದೆ.

ಬೆಕ್ಕು ಗಾಢವಾಗಿ ನಿದ್ದೆ ಮಾಡುತ್ತಿರುವಾಗ ಸ್ವಲ್ಪ ದೂರದಲ್ಲಿ ಕುಳಿತುಕೊಳ್ಳಿರಿ. ಮುಟ್ಟಬೇಡಿರಿ, ಕರೆಯಬೇಡಿರಿ. ಅದರ ಪಕ್ಕೆಯನ್ನು ನೋಡಿರಿ. ಪಕ್ಕೆ ಮೇಲೆದ್ದು ಕೆಳಗಿಳಿದರೆ ಒಂದು ಉಸಿರು. ಮೇಲೇಳುವುದನ್ನು ಒಂದು, ಇಳಿಯುವುದನ್ನು ಇನ್ನೊಂದು ಎಂದು ಎಣಿಸಬಾರದು. ಸೆಕೆಂಡಿನ ಮುಳ್ಳು ಇರುವ ಗಡಿಯಾರ ಹಿಡಿದು ಅರ್ಧ ನಿಮಿಷ ಎಣಿಸಿರಿ. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿರಿ. ಅರ್ಧ ನಿಮಿಷಕ್ಕೆ 12 ಬಂದರೆ ನಿಮಿಷಕ್ಕೆ 24 ಆಯಿತು. ಇದು ಸರಿಯಾದ ಉಸಿರು. ಮಲಗಿದ ಬೆಕ್ಕು ನಿಮಿಷಕ್ಕೆ 30 ಸಲಕ್ಕಿಂತ ಕಡಿಮೆ ಉಸಿರಾಡಬೇಕು. ಅರ್ಧ ನಿಮಿಷಕ್ಕೆ 19 ಬಂದರೆ ಎಷ್ಟಾಯಿತು? 38. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿರಿ. ಆಗಲೂ 30ರ ಮೇಲೆಯೇ ಇದ್ದರೆ ಮನೆಯ ಹಿರಿಯರಿಗೆ ಹೇಳಿ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಎಣಿಸುವಾಗ ಎರಡು ಮಾತು ನೆನಪಿರಲಿ. ಬೆಕ್ಕು ಗುರುಗುರು ಎನ್ನುತ್ತಿದ್ದರೆ ಎಣಿಕೆ ಸರಿಬರುವುದಿಲ್ಲ. ನಿದ್ದೆಯಲ್ಲಿ ಅದರ ಮೀಸೆ, ಪಂಜ ಅದುರುತ್ತಿದ್ದರೆ ಕನಸು ಕಾಣುತ್ತಿರಬಹುದು, ಆಗಲೂ ಬೇಡ. ಇನ್ನು ನಮ್ಮ ಕಡೆಯ ಮೇ ತಿಂಗಳ ಬಿಸಿಲು! ಮಧ್ಯಾಹ್ನದ ಸೆಕೆಗೆ ಆರೋಗ್ಯವಂತ ಬೆಕ್ಕಿನ ಉಸಿರೂ ಜೋರಾಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿ ಎಣಿಸುವುದು ಒಳ್ಳೆಯದು.

ನಾಯಿ ಓಡಿ ಬಂದು ಬಾಯಿ ತೆರೆದು ನಾಲಿಗೆ ಚಾಚಿ ತೇಗುವುದನ್ನು ನಾವು ದಿನವೂ ನೋಡುತ್ತೇವೆ. ಬೆಕ್ಕು ಹಾಗೆ ಮಾಡುವುದಿಲ್ಲ. ಸುಮ್ಮನೆ ಕುಳಿತ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಆಗ ತಡಮಾಡಬಾರದು. ಬೇನೆ ಬಿದ್ದ ಬೆಕ್ಕು ಕೂಡುವ ರೀತಿಯೂ ಬದಲಾಗುತ್ತದೆ. ಅದು ಮಗ್ಗುಲಾಗಿ ಮಲಗುವುದಿಲ್ಲ. ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ, ಎದೆಯ ಮೇಲೆ ಭಾರ ಹಾಕಿ ಕೂಡುತ್ತದೆ. ಒಸಡು ಗುಲಾಬಿ ಬಣ್ಣ ಬಿಟ್ಟು ಬಿಳಚಿಕೊಳ್ಳುತ್ತದೆ, ಇಲ್ಲವೆ ನೀಲಿಯಾಗುತ್ತದೆ.

ಇವೆಲ್ಲ ಬೇನೆ ಬಲಿತ ಮೇಲಿನ ಚಿಹ್ನೆಗಳು. ಅದಕ್ಕೂ ಮೊದಲು ಸಣ್ಣ ಸಣ್ಣ ಬದಲಾವಣೆಗಳು ಕಾಣುತ್ತವೆ. ದಿನವೂ ಮಾಳಿಗೆಯ ಗೋಡೆ ಹಾರುತ್ತಿದ್ದ ಬೆಕ್ಕು ಈಗ ಕೆಳಗೇ ಕೂಡುತ್ತದೆ. ತಿನ್ನುವುದು ಕಡಿಮೆಯಾಗುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ. ಕರೆದರೆ ಬರುವುದಿಲ್ಲ, ಮಂಚದ ಕೆಳಗೆ ಅಡಗುತ್ತದೆ. “ವಯಸ್ಸಾಯ್ತು ಬಿಡು” ಎಂದು ದೊಡ್ಡವರು ಅನ್ನುತ್ತಾರೆ. ಆದರೆ ಮನೆಯಲ್ಲಿ ಬೆಕ್ಕಿನ ಜೊತೆ ಹೆಚ್ಚು ಹೊತ್ತು ಇರುವವರು ಮಕ್ಕಳೇ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ಅವರಿಗೇ ಮೊದಲು ಕಾಣುತ್ತದೆ. ಮಕ್ಕಳ ಮಾತನ್ನು ಈ ವಿಷಯದಲ್ಲಿ ದೊಡ್ಡವರು ಕೇಳಬೇಕು.

ಕೆಮ್ಮಿನ ವಿಷಯ ಬೇರೆ. ಹೃದಯದ ಬೇನೆ ಇರುವ ನಾಯಿ ಕೆಮ್ಮುತ್ತದೆ. ಬೆಕ್ಕು ಹೆಚ್ಚಾಗಿ ಕೆಮ್ಮುವುದಿಲ್ಲ. ಕೆಮ್ಮಿಲ್ಲ ಎಂದು ಸುಮ್ಮನಿರಬಾರದು.

ಒಂದು ಚಿಹ್ನೆಯಂತೂ ನೋಡಿದವರನ್ನು ಗಾಬರಿಗೊಳಿಸುತ್ತದೆ. ಚೆನ್ನಾಗಿಯೇ ಇದ್ದ ಬೆಕ್ಕು ಒಮ್ಮೆಲೇ ಜೋರಾಗಿ ಕಿರುಚಿ ಹಿಂಗಾಲು ಎಳೆಯುತ್ತ ತೆವಳುತ್ತದೆ. ಜನ ಹಾವು ಕಚ್ಚಿತು ಎನ್ನುತ್ತಾರೆ, ಯಾರೋ ಕಲ್ಲು ಹೊಡೆದರು ಎನ್ನುತ್ತಾರೆ. ದೃಷ್ಟಿಯಾಯಿತು ಎಂದು ನಿವಾಳಿಸಿ ಹಾಕುವವರೂ ಇದ್ದಾರೆ. ಹಾವಿನಿಂದಲೂ ಪೆಟ್ಟಿನಿಂದಲೂ ಕಾಲು ಸೋಲಬಹುದು, ಸುಳ್ಳಲ್ಲ. ಆದರೆ ಹೃದಯದ ಬೇನೆಯಿಂದಲೂ ಹೀಗಾಗುತ್ತದೆ. ಹೃದಯದೊಳಗೆ ರಕ್ತ ನಿಧಾನವಾದಾಗ ಹೆಪ್ಪುಗಟ್ಟುತ್ತದೆ. ಆ ಗಂಟು ರಕ್ತದ ಜೊತೆ ಸಾಗಿ ಹಿಂಗಾಲುಗಳಿಗೆ ನಾಳ ಕವಲೊಡೆಯುವ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಹೊಲದ ಕಾಲುವೆ ಎರಡಾಗುವಲ್ಲಿ ಕಸ ಸಿಕ್ಕಿದರೆ ಮುಂದಿನ ಮಡಿಗೆ ನೀರು ಹೋಗುವುದಿಲ್ಲ, ಹಾಗೆ. ಆಗ ಹಿಂಗಾಲುಗಳು ಮುಂಗಾಲಿಗಿಂತ ತಣ್ಣಗಾಗುತ್ತವೆ. ಪಾದದ ಕೆಳಗಿನ ಮೆತ್ತೆ ಬಿಳಚುತ್ತದೆ, ಇಲ್ಲವೆ ನೀಲಿಯಾಗುತ್ತದೆ. ಬೆಕ್ಕಿಗೆ ವಿಪರೀತ ನೋವಿರುತ್ತದೆ. ಕಾಲು ತಿಕ್ಕುವುದು, ಎಣ್ಣೆ ಹಚ್ಚುವುದು ಬೇಡ. ಕಾರಣ ಯಾವುದೇ ಇರಲಿ, ಕೂಡಲೇ ವೈದ್ಯರು ನೋಡಬೇಕು. ಕಾಲಿಗೆ ರಕ್ತ ನಿಂತ ಬೆಕ್ಕುಗಳಲ್ಲಿ ಹಲವು ಉಳಿಯುವುದಿಲ್ಲ ಎಂಬುದೂ ನಿಜ.

ನೋವಿನಲ್ಲಿರುವ ಬೆಕ್ಕು ಮನೆಯವರನ್ನೇ ಕಚ್ಚುತ್ತದೆ. ಆದ್ದರಿಂದ ಮಕ್ಕಳು ಅದನ್ನು ಎತ್ತಬಾರದು. ದೊಡ್ಡವರು ದಪ್ಪ ಟವೆಲಿನಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಬುಟ್ಟಿಯಲ್ಲಿ ಇಡಬೇಕು. ಬೀದಿಯ ಬೆಕ್ಕು ವಿಚಿತ್ರವಾಗಿ ನಡೆದುಕೊಂಡರೆ ಹತ್ತಿರವೇ ಹೋಗಬಾರದು, ಅದಕ್ಕೆ ರೇಬೀಸ್ ಇರಬಹುದು. ಯಾವ ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ದವಾಖಾನೆಗೆ ಹೋಗಬೇಕು.

ಮನೆಯಲ್ಲಿರುವ ಗುಳಿಗೆಯನ್ನು ಬೆಕ್ಕಿಗೆ ಎಂದೂ ಕೊಡಬಾರದು. ನಮಗೆ ಜ್ವರ ಬಂದಾಗ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿಯಿಲ್ಲ. ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು.

ಊಟದ ಮಾತೂ ಇಲ್ಲಿ ಬರುತ್ತದೆ. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಏನು ಹಾಕುತ್ತೇವೆ? ಹಾಲಿನಲ್ಲಿ ಕಿವುಚಿದ ರೊಟ್ಟಿ, ಹಾಲು ಅನ್ನ. ಹೃದಯದ ಸ್ನಾಯು ಗಟ್ಟಿಯಾಗಿರಲು ಬೆಕ್ಕಿಗೆ ಟಾರಿನ್ ಎಂಬ ವಸ್ತು ಬೇಕು. ಮನುಷ್ಯರ ಮೈ, ಎತ್ತಿನ ಮೈ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಮೈಗೆ ಸಾಕಷ್ಟು ತಯಾರಿಸಲು ಬರುವುದಿಲ್ಲ. ಹೆಸರಿನ ಕಥೆ ನಮ್ಮ ಕಡೆಯವರಿಗೆ ಇಷ್ಟವಾದೀತು. ಟಾರಿನ್ ಮೊದಲು ಸಿಕ್ಕಿದ್ದು ಎತ್ತಿನ ಪಿತ್ತರಸದಲ್ಲಿ, 1827ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಗೂಳಿಗೆ ‘ಟಾರಸ್’ ಎನ್ನುತ್ತಾರೆ. ದೇವಣಿ ತಳಿಯ ಎತ್ತುಗಳ ನಾಡಿನಲ್ಲಿ ಈ ಹೆಸರು ಮರೆಯುವುದು ಕಷ್ಟ.

1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಅವರ ಸಂಗಡಿಗರು ಒಂದು ವಿಷಯ ಕಂಡುಹಿಡಿದರು. ಹೃದಯ ತೆಳ್ಳಗಾಗಿ ಚೀಲದಂತೆ ಹಿಗ್ಗಿದ ಬೆಕ್ಕುಗಳು ಅವರಲ್ಲಿಗೆ ಬರುತ್ತಿದ್ದವು. ಅವುಗಳ ರಕ್ತದಲ್ಲಿ ಟಾರಿನ್ ಕಡಿಮೆಯಿತ್ತು. ಟಾರಿನ್ ಕೊಟ್ಟಾಗ ಆ ಹೃದಯಗಳು ಸುಧಾರಿಸಿದವು! ಅಂಗಡಿಯಲ್ಲಿ ಮಾರುವ ಬೆಕ್ಕಿನ ಆಹಾರದಲ್ಲಿಯೇ ಆ ಕೊರತೆ ಇತ್ತು. ಆಮೇಲೆ ಕಂಪನಿಗಳು ಅದಕ್ಕೆ ಟಾರಿನ್ ಹೆಚ್ಚಾಗಿ ಬೆರೆಸತೊಡಗಿದವು, ಈ ಬೇನೆ ಬಹಳ ಕಡಿಮೆಯಾಯಿತು. ದಪ್ಪ ಗೋಡೆಯ ಬೇನೆ ಮಾತ್ರ ಇದರಿಂದ ಗುಣವಾಗುವುದಿಲ್ಲ, ಅದರ ಕಾರಣ ಬೇರೆ.

ಜೋಳದಲ್ಲಿ, ಅಕ್ಕಿಯಲ್ಲಿ ಟಾರಿನ್ ಇಲ್ಲ. ಹಾಲಿನಲ್ಲಿ ಇರುವುದು ತೀರ ಸ್ವಲ್ಪ. ಅದು ಇರುವುದು ಮಾಂಸದಲ್ಲಿ, ಮೀನಿನಲ್ಲಿ ಮತ್ತು ಇಲಿಯಲ್ಲಿ! ಹಳ್ಳಿಯ ಬೆಕ್ಕು ಹಾಲು ರೊಟ್ಟಿ ತಿಂದೂ ಬದುಕುವುದು ಇಲಿ ಹಿಡಿಯುವುದರಿಂದಲೇ. ಊರಲ್ಲಿ ಬಾಗಿಲು ಹಾಕಿಕೊಂಡ ಮನೆಯಲ್ಲಿ ಸಾಕಿದ ಬೆಕ್ಕಿಗೆ ಇಲಿ ಸಿಗುವುದಿಲ್ಲ. ಬರಿ ಹಾಲು ಅನ್ನ ಅದಕ್ಕೆ ಸಾಲದು. ಮಾಂಸ ತಿನ್ನುವ ಮನೆಯವರು ಬೇಯಿಸಿದ ಕೋಳಿ, ಮೀನನ್ನು ಮುಳ್ಳು ಎಲುಬು ತೆಗೆದು ಕೊಡಬಹುದು. ಬೇಯಿಸಿದಾಗ ಟಾರಿನ್ ನೀರಿಗೆ ಇಳಿಯುತ್ತದೆ, ಆ ನೀರನ್ನೂ ಹಾಕಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ಆಗದು. ಮಾಂಸ ತಿನ್ನದ ಮನೆಯವರು ಬೆಕ್ಕಿನ ಸಿದ್ಧ ಆಹಾರವನ್ನು ತರಬಹುದು. ಇಲಿಗೆ ವಿಷ ಇಟ್ಟ ಮನೆಯಲ್ಲಿ ಬೆಕ್ಕನ್ನು ಬಿಡಬಾರದು. ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುತ್ತದೆ.

ವೈದ್ಯರು ಏನು ಮಾಡುತ್ತಾರೆ? ಮೊದಲು ಸ್ಟೆತಾಸ್ಕೋಪ್ ಇಟ್ಟು ಎದೆಯ ಸದ್ದು ಕೇಳುತ್ತಾರೆ. ಈ ಉಪಕರಣ 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯರು ಕಾಗದವನ್ನು ಸುರುಳಿ ಸುತ್ತಿ ಕಿವಿಗಿಟ್ಟುಕೊಂಡಾಗ ಹುಟ್ಟಿತು. ಲಬ್ ಡಬ್ ಸದ್ದಿನ ನಡುವೆ ಸುಯ್ ಎಂಬ ಸದ್ದು ಬಂದರೆ ಸಂಶಯ ಹುಟ್ಟುತ್ತದೆ. ಆದರೆ ಕೆಲವು ರೋಗಿ ಬೆಕ್ಕುಗಳಲ್ಲಿ ಆ ಸದ್ದೇ ಇರುವುದಿಲ್ಲ. ಆದ್ದರಿಂದ ಎಕ್ಸರೇ ತೆಗೆಯುತ್ತಾರೆ. ಎಕೋ ಎಂಬ ಪರೀಕ್ಷೆಯಲ್ಲಿ ಹೃದಯ ಬಡಿಯುವುದನ್ನೇ ಪರದೆಯ ಮೇಲೆ ನೋಡಿ ಗೋಡೆಯ ದಪ್ಪ ಅಳೆಯುತ್ತಾರೆ. ನೀರು ತುಂಬಿದ್ದರೆ ಅದನ್ನು ಇಳಿಸುವ ಔಷಧ ಕೊಡುತ್ತಾರೆ. ದಪ್ಪವಾದ ಗೋಡೆ ಮತ್ತೆ ಮೊದಲಿನಂತಾಗುವುದು ಕಷ್ಟ. ಆದರೆ ಬೇಗ ತಿಳಿದರೆ ಔಷಧದ ಬಲದಿಂದ ಬೆಕ್ಕು ಇನ್ನೂ ಕೆಲವು ಕಾಲ ಸುಖವಾಗಿ ಇರಬಲ್ಲದು.

ತಾಲೂಕಿನ ಊರಿನಲ್ಲಿ ಸರಕಾರಿ ಪಶುವೈದ್ಯಕೀಯ ದವಾಖಾನೆ ಇರುತ್ತದೆ. ಉದಗೀರದಲ್ಲಿ ಪಶುವೈದ್ಯರನ್ನು ತಯಾರಿಸುವ ಮಹಾವಿದ್ಯಾಲಯವೇ ಇದೆ. ಅದು ನಾಗಪುರದ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದೆ. ಗಡಿಯ ಆಚೆ ಬೀದರಿನಲ್ಲಿಯೂ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ದವಾಖಾನೆ ಎಂದರೆ ಎತ್ತು, ಎಮ್ಮೆಗೆ ಮಾತ್ರ ಎಂದು ತಿಳಿದು ಬೆಕ್ಕನ್ನು ಒಯ್ಯಲು ನಾಚುವವರಿದ್ದಾರೆ. ನಾಚಬೇಕಾಗಿಲ್ಲ.

ಹೋಗುವಾಗ ಒಂದು ಚೀಟಿ ಜೊತೆಗಿರಲಿ. ಬೆಕ್ಕಿನ ವಯಸ್ಸು, ಅದು ಏನು ತಿನ್ನುತ್ತದೆ, ಎಂದಿನಿಂದ ಮಂಕಾಗಿದೆ ಎಂದು ಅದರಲ್ಲಿ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ನಿದ್ದೆಯಲ್ಲಿ ಎಷ್ಟು ಉಸಿರು ಎಣಿಸಿದಿರಿ ಎಂಬುದನ್ನು ಸಾಲಾಗಿ ಬರೆಯಿರಿ. ದವಾಖಾನೆಯ ಮೇಜಿನ ಮೇಲೆ ಬೆಕ್ಕು ಹೆದರಿರುತ್ತದೆ, ಅಲ್ಲಿ ಅದರ ಉಸಿರೂ ಬಡಿತವೂ ಏರಿರುತ್ತವೆ. ಅದು ಒಲೆಯ ಬಳಿ ನೆಮ್ಮದಿಯಾಗಿ ಮಲಗಿದ್ದಾಗಿನ ಲೆಕ್ಕ ವೈದ್ಯರಿಗೆ ನಿಮ್ಮ ಚೀಟಿಯಲ್ಲಿಯೇ ಸಿಗಬೇಕು.